ಡಾಯ್ಲ್ ತಲೆಯೆತ್ತಿ ನೋಡಿದ್ದು

ಅಲಬಾಮದ ನಮ್ಮ ಹ್ಯಾಡ್ಲಿ ಊರಿನಲ್ಲಿ ‘ಕೋಚ್’ ಎಂದರೆ ಒಬ್ಬರೇ, ರಾಯ್ಸ್ ಸ್ಟ್ರಿಬ್ಲಿಂಗ್. ಅವರು ನಿವೃತ್ತರಾಗಿ, ಕಾಲೇಜು ಫುಟ್‌ಬಾಲ್ ತಂಡ ನನ್ನ ಗಂಡನ ಕೈಗೆ ಬಂದು ಮೂರು ತಿಂಗಳಾದ ಮೇಲೂ ಜನ ದಿನಸಿ ಅಂಗಡಿಯಲ್ಲಿ ನನ್ನನ್ನು ತಡೆದು ನಿಲ್ಲಿಸಿ, “ಓಪಲ್, ಕೋಚ್ ಹೇಗಿದ್ದಾರಮ್ಮ?” ಎಂದು ಕೇಳುತ್ತಿದ್ದರು. “ಚೆನ್ನಾಗಿದ್ದಾನೆ, ಬೆಳಿಗ್ಗೆ ಮೂರು ಮೊಟ್ಟೆ ತಿಂದು ಹೋದ” ಎಂದರೆ ಪಿಳಿಪಿಳಿ ಕಣ್ಣು ಬಿಟ್ಟು, “ಓ, ಡಾಯ್ಲಾ? ಅಲ್ಲಲ್ಲ, ನಾನು ಕೇಳಿದ್ದು ಕೋಚ್ ಬಗ್ಗೆ” ಎನ್ನುತ್ತಿದ್ದರು. ನನ್ನ ಮೈಯೆಲ್ಲ ಉರಿದುಹೋಗುತ್ತಿತ್ತು. ನಗುನಗುತ್ತಲೇ ಉಪ್ಪಿನ ಪೊಟ್ಟಣ ಬುಟ್ಟಿಗೆ ಎಸೆದು ಮುಂದೆ ಹೋಗುತ್ತಿದ್ದೆ.

ನನ್ನ ಗಂಡ ಡಾಯ್ಲ್ ಟ್ರೆಡವೇ ಹುಟ್ಟಿದ್ದು ಹತ್ತಿ ಗಿರಣಿಯ ಕೇರಿಯಲ್ಲಿ. ಅಪ್ಪ ಗಿರಣಿಯ ದೂಳು ಕುಡಿದು ಕೆಮ್ಮಿ ಕೆಮ್ಮಿ ಸತ್ತಾಗ ಡಾಯ್ಲ್‌ಗೆ ಹದಿನೇಳು. ಕಟ್ಟುಮಸ್ತಾದ ಆಳು, ಮಾತು ಕಡಿಮೆ. ಕೋಚ್ ಅವನನ್ನು ಕಾಲೇಜಿಗೆ ಕರೆತಂದು ಆಡಿಸಿದರು. ಎರಡನೆಯ ವರ್ಷವೇ ಮಂಡಿ ಮುರಿಯಿತು. ಆಸ್ಪತ್ರೆಯಲ್ಲಿ ಮೂರು ದಿನ ಕೋಚ್ ಅವನ ಮಂಚದ ಪಕ್ಕ ಕುಳಿತಿದ್ದರಂತೆ. ನಾಲ್ಕನೆಯ ದಿನ ಕುತ್ತಿಗೆಗೆ ಒಂದು ಪೀಪಿ ಕಟ್ಟಿ, “ಇನ್ಮೇಲೆ ನೀನು ಆಡೋದಲ್ಲ, ಆಡ್ಸೋದು” ಎಂದರಂತೆ. ಇದು ದೊಡ್ಡ ಉಪಕಾರ, ನಾನು ಇಲ್ಲವೆನ್ನುವುದಿಲ್ಲ. ಆದರೆ ಆ ಮೂರು ದಿನದ ನೆಪದಲ್ಲಿ ಆ ಮನುಷ್ಯ ನನ್ನ ಗಂಡನನ್ನು ಸಹಾಯಕ ಅಂತ ಇಪ್ಪತ್ತೊಂದು ವರ್ಷ ಇಟ್ಟುಕೊಂಡರು.

ಮದುವೆಯಾದ ಎರಡನೆಯ ದಿನ ಕಡಲತೀರದಿಂದ ನಾವು ವಾಪಸು ಬಂದೆವು, ಕೋಚ್ ಅಭ್ಯಾಸ ಶುರು ಮಾಡಿದ್ದರು ಅಂತ. ಮಗ ಹುಟ್ಟಿದಾಗ ಡಾಯ್ಲ್ ಕೋಚ್ ಮನೆಯ ನೆಲಮಾಳಿಗೆಯಲ್ಲಿ ಕೂತು ಎದುರಾಳಿ ತಂಡದ ಆಟದ ಚಿತ್ರ ನೋಡುತ್ತಿದ್ದ. ಮಗುವಿಗೆ ನನ್ನಪ್ಪನ ಹೆಸರಿಡೋಣ ಎಂದೆ. ಇಟ್ಟದ್ದು ಕೋಚ್ ಹೆಸರು, ರಾಯ್ಸ್. ದಿನಕ್ಕೆ ನೂರು ಸಲ ಆ ಹೆಸರು ಹಿಡಿದು, “ರಾಯ್ಸ್, ಬಾಯಿ ಒರೆಸ್ಕೋ, ರಾಯ್ಸ್, ಚಡ್ಡಿ ಹಾಕ್ಕೋ” ಎಂದು ಗದರಿಸುವುದರಲ್ಲಿ ನನಗೊಂದು ಸುಖವಿತ್ತು.

ಕೊನೆಗೂ ಕೋಚ್ ಕೆಳಗಿಳಿದರು. ಇಪ್ಪತ್ತಾರು ವರ್ಷ, ಹನ್ನೊಂದು ಕಪ್. ಇನ್ನಾದರೂ ಡಾಯ್ಲ್ ನನ್ನವನು ಎಂದುಕೊಂಡೆ. ಮೊದಲ ದಿನ ಊಟದ ಡಬ್ಬಿ ಕೊಡಲು ಅವನ ಹೊಸ ಕೋಣೆಗೆ ಹೋದೆ. ಮೇಜಿನ ಹಿಂದೆ ಕೋಚ್ ಬಳಸುತ್ತಿದ್ದ ಚರ್ಮದ ಕುರ್ಚಿ ಖಾಲಿ. ಡಾಯ್ಲ್ ಪಕ್ಕದಲ್ಲಿ ಮಡಚುವ ಕಬ್ಬಿಣದ ಕುರ್ಚಿ ಹಾಕಿಕೊಂಡು ಮೊಣಕಾಲ ಮೇಲೆ ಕಾಗದ ಇಟ್ಟು ಬರೆಯುತ್ತಿದ್ದ.

“ಅದ್ರಲ್ಲಿ ಯಾಕೆ ಕೂತಿಲ್ಲ?” ಎಂದೆ.

“ಬೆನ್ನು ನೋಯುತ್ತೆ” ಎಂದ. ಸುಳ್ಳು ಹೇಳಲೂ ಬಾರದ ಗಂಡಸು.

ಮೊದಲ ಆಟ ಗೆದ್ದ. ಆಮೇಲೆ ಸಾಲಾಗಿ ನಾಲ್ಕು ಸೋತ. ಆ ಸೋಲುಗಳ ಕತೆ ಹೇಳಬೇಕಾದರೆ ನಾವು ಕೂರುವ ಜಾಗದ ಕತೆ ಹೇಳಬೇಕು. ಕಾಲೇಜಿನವರು ಕೋಚ್‌ಗೆ ಗೌರವದಿಂದ ಗ್ಯಾಲರಿಯ ನಡುಮಧ್ಯದಲ್ಲಿ, ನಮ್ಮ ತಂಡದ ಬೆಂಚಿನ ಹಿಂದೆಯೇ ಮೇಲೆ, ಶಾಶ್ವತ ಜಾಗ ಕೊಟ್ಟಿದ್ದರು. ಆಚೆ ಅವರ ಹೆಂಡತಿ ಮಿಸ್ ವರ್ಲೀನ್ (ಗಂಡನಿದ್ದರೂ ಹಿರಿಯ ಹೆಂಗಸರು ನಮ್ಮಲ್ಲಿ ‘ಮಿಸ್ಸೇ’), ನಡುವೆ ಕೋಚ್, ಈಚೆ ನಾನು. ಹೊಸ ಕೋಚಿನ ಹೆಂಡತಿ ಹಳೆಯ ಕೋಚಿನ ಪಕ್ಕ ಕೂತರೆ ಊರಿಗೆ ನೋಡಲು ಚೆಂದವಂತೆ.

ಎರಡನೆಯ ಆಟದ ದಿನ ಹೊಸ ಕೆಂಪು ಉಡುಪು ತೊಟ್ಟು ಹೋಗಿದ್ದೆ. ಆಟದಲ್ಲಿ ನಾಲ್ಕನೆಯ ಸರದಿ ಬಂತು. ಚೆಂಡನ್ನು ಬಗಲಲ್ಲಿ ಅವುಚಿಕೊಂಡು ಹತ್ತು ಗಜ ಮುಂದೆ ಹೋಗಲು ನಾಲ್ಕೇ ಅವಕಾಶ. ಮೂರು ಮುಗಿದ ಮೇಲೆ ಉಳಿದ ಒಂದರಲ್ಲಿ ಎದೆಗಟ್ಟಿ ಮಾಡಿ ನುಗ್ಗಬೇಕು, ಇಲ್ಲವೇ ಚೆಂಡನ್ನು ದೂರ ಒದ್ದು ಎದುರಾಳಿಗೆ ಒಪ್ಪಿಸಿ ತೆಪ್ಪಗೆ ಹಿಂದೆ ಸರಿಯಬೇಕು. ಕೋಚ್ ಹೆಸರುವಾಸಿಯಾಗಿದ್ದೇ ನುಗ್ಗಿಸುವುದಕ್ಕೆ. ಆ ಗಳಿಗೆಯಲ್ಲಿ ಡಾಯ್ಲ್ ಮೈದಾನಕ್ಕೆ ಬೆನ್ನು ತಿರುಗಿಸಿ ತಲೆಯೆತ್ತಿ ನಮ್ಮ ಸಾಲಿನತ್ತ ನೋಡಿದ. ಅಷ್ಟು ಜನರ ನಡುವೆ ನನ್ನನ್ನು ಹುಡುಕುತ್ತಿದ್ದಾನೆ! ಮದುವೆಯಾಗಿ ಹದಿನೆಂಟು ವರ್ಷದಲ್ಲಿ ಆಟದ ಮಧ್ಯೆ ಅವನು ಹಾಗೆ ನೋಡಿದ್ದನ್ನು ನಾನು ಕಂಡದ್ದೇ ಇಲ್ಲ. ನನಗೆ ನಾಚಿಕೆಯೇ ಆಯಿತು ನೋಡಿ. ಎದ್ದು ನಿಂತು ಕೈ ಬೀಸಿದೆ.

“ಕೂತ್ಕೋ ಮುದ್ದು, ಹಿಂದಿನೋರಿಗೆ ಕಾಣ್ಸಲ್ಲ” ಎಂದರು ಮಿಸ್ ವರ್ಲೀನ್.

ಕೂತೆ. ಆಗ ಗೊತ್ತಾಯಿತು, ಅವನ ಕಣ್ಣು ನನ್ನ ಮೇಲಿರಲಿಲ್ಲ. ಒಂದು ಕುರ್ಚಿ ಆಚೆಗಿತ್ತು. ಕೋಚ್ ಎರಡೂ ಕೈಯನ್ನು ಎದೆಯ ಮೇಲೆ ಕಟ್ಟಿಕೊಂಡರು. ಡಾಯ್ಲ್ ತಿರುಗಿ, ಒದೆಯುವ ಹುಡುಗನನ್ನು ಮೈದಾನಕ್ಕೆ ಕಳಿಸಿದ.

ಅದು ಅವರಿಬ್ಬರ ಹಳೆಯ ಸನ್ನೆ. ಟೋಪಿಯ ಅಂಚು ಮುಟ್ಟಿದರೆ ನುಗ್ಗಿಸು, ಕೈ ಕಟ್ಟಿದರೆ ಒದೆಸು. ಇಪ್ಪತ್ತೊಂದು ವರ್ಷ ಕೆಳಗೆ ಬೆಂಚಿನ ಬಳಿ ನಡೆದದ್ದು ಈಗ ಗ್ಯಾಲರಿಯಿಂದ ನಡೆಯುತ್ತಿತ್ತು, ಊರಿಗೆ ಊರೇ ನೋಡುತ್ತಿದ್ದರೂ ಯಾರಿಗೂ ಕಾಣದೆ. ಆ ದಿನ ಮನೆಗೆ ಬಂದು ಕೆಂಪು ಉಡುಪನ್ನು ಕಪಾಟಿನ ತಳಕ್ಕೆ ತುರುಕಿದೆ. ಡಾಯ್ಲ್ ಇನ್ನೊಬ್ಬ ಹೆಂಗಸಿನ ಮೇಲೆ ಕಣ್ಣು ಹಾಕಿದ್ದರೆ ಜುಟ್ಟು ಹಿಡಿದು ಜಗಳವಾಡಬಹುದಿತ್ತು. ಅರವತ್ತೆಂಟು ವರ್ಷದ ಬೋಳುತಲೆಯ ಮುದುಕನ ಮೇಲೆ ಹೊಟ್ಟೆಕಿಚ್ಚು ಪಟ್ಟರೆ ಯಾರ ಹತ್ತಿರ ಹೇಳಿಕೊಳ್ಳುವುದು?

ಮುಂದಿನ ಆಟಗಳಲ್ಲೂ ಅದೇ. ಡಾಯ್ಲ್ ತಲೆಯೆತ್ತುವುದು, ಕೋಚ್ ಕೈ ಕಟ್ಟುವುದು, ಚೆಂಡು ಒದೆಸುವುದು, ಸೋಲುವುದು. ಗುರುವಾರ ಸಂಜೆ ಮೀನಿನ ಹೋಟೆಲಿನಲ್ಲಿ ರೇಡಿಯೋದವರು ಡಾಯ್ಲ್ ಮುಂದೆ ಮೈಕು ಇಟ್ಟು ಜನರ ಫೋನ್ ಕರೆ ತೆಗೆದುಕೊಳ್ಳುತ್ತಾರೆ. ಆ ವಾರ ಒಬ್ಬ ಮಹಾನುಭಾವ, “ಏನ್ ಡಾಯ್ಲ್, ಒದೆಯೋದು ಬಿಟ್ರೆ ಬೇರೇನೂ ಬರಲ್ವಾ ನಿನಗೆ? ಪುಕ್ಕಲ! ಕೋಚ್ ಇದ್ದಿದ್ರೆ ನುಗ್ಗಿಸಿರೋರು!” ಎಂದು ಕಿರುಚಿದ.

ಡಾಯ್ಲ್ ತಟ್ಟೆಯಲ್ಲಿನ ಮೀನಿನ ಮುಳ್ಳು ಬಿಡಿಸುತ್ತಾ, “ಹೌದು ಸರ್. ಕೋಚ್ ಅಂದ್ರೆ ಕೋಚೇ” ಎಂದ.

ಒದೆಸಿದ್ದು ಕೋಚೇ ಎಂದು ಮೈಕು ಕಿತ್ತುಕೊಂಡು ಕೂಗಬೇಕೆನಿಸಿತು. ಕೂಗಿದ್ದರೆ ನನ್ನ ಗಂಡ ಇನ್ನೊಬ್ಬರ ಸನ್ನೆಗೆ ಕುಣಿಯುವವನು ಎಂದು ಊರೆಲ್ಲ ನಗುತ್ತಿತ್ತು. ಬಾಯಿಗೆ ಒಂದು ತುಂಡು ಮೀನು ತುರುಕಿಕೊಂಡೆ. ನಾಲ್ಕನೆಯ ಸೋಲಾದ ಶನಿವಾರ ಸಂಜೆಯೇ ಕಾಲೇಜಿನ ಅಧ್ಯಕ್ಷರು ಡಾಯ್ಲ್‌ನನ್ನು ಕರೆಸಿ ಹೇಳಿದರು: ಹಳೆಯ ವಿದ್ಯಾರ್ಥಿಗಳೆಲ್ಲ ಊರಿಗೆ ಬರುವ ಮುಂದಿನ ಶನಿವಾರ, ಮಾರ್ಬರಿ ಕಾಲೇಜಿನ ಎದುರು ಸೋತರೆ, ಸೋಮವಾರ ಬೇರೆ ಕೋಚ್.

ಮರುದಿನ ಭಾನುವಾರ. ಚರ್ಚು ಮುಗಿಸಿ ನೇರ ಕೋಚ್ ಮನೆಗೆ ಹೋದೆ. ಜಗಲಿಯಲ್ಲಿ ಕೂತು ಪೆಕಾನ್ ಕಾಯಿ ಒಡೆಯುತ್ತಿದ್ದರು.

“ಬಾಮ್ಮ ಓಪಲ್. ವರ್ಲೀನ್ ಬಾಳೆಹಣ್ಣಿನ ಪುಡಿಂಗ್ ಮಾಡಿದಾಳೆ, ಕೂತ್ಕೋ.”

“ಪುಡಿಂಗ್ ಬೇಡ ಕೋಚ್. ನೀವು ಯಾಕೆ ಕೈ ಕಟ್ಕೋತೀರಾ, ಅದನ್ನ ಹೇಳಿ.”

ಅವರ ಕೈಯಲ್ಲಿನ ಕಾಯಿ ಹಾಗೇ ನಿಂತಿತು. “ಚಳಿ” ಎಂದರು.

“ಅಲಬಾಮದಲ್ಲಿ, ಸೆಪ್ಟೆಂಬರಿನಲ್ಲಿ, ಮಟಮಟ ಮಧ್ಯಾಹ್ನ ಚಳಿ! ಯಾರ ಕಿವಿ ಮೇಲೆ ಹೂವಿಡ್ತೀರಾ? ಇಪ್ಪತ್ತಾರು ವರ್ಷ ನುಗ್ಗು ನುಗ್ಗು ಅಂತ ಕುಣಿದೋರು ನೀವು. ಈಗ ನನ್ನ ಗಂಡನ ಕೈಲಿ ಮಾತ್ರ ಒದೆಸ್ತೀರಾ?”

ಕೋಚ್ ಒಳಗಿನ ಬಾಗಿಲತ್ತ ನೋಡಿ ದನಿ ತಗ್ಗಿಸಿದರು.

“ಮೊದಲನೇ ಆಟದಲ್ಲಿ ಟೋಪಿ ಮುಟ್ಟಿದ್ದೆ, ಓಪಲ್. ನುಗ್ಗಿಸಿದ, ಗೆದ್ದ. ಜನ ‘ಡಾಯ್ಲ್ ಡಾಯ್ಲ್’ ಅಂತ ಎದ್ದು ಕುಣಿದ್ರು. ನನ್ನ ಹಿಂದೆ ಕೂತಿದ್ನಲ್ಲ ಒಬ್ಬ, ನನ್ನ ಭುಜ ಊರ್ಕೊಂಡು ಎದ್ದ. ಕುರ್ಚಿ ಹಿಡ್ಕೊಂಡು ಎದ್ದಂಗೆ. ಯಾರ ಭುಜ ಅಂತ ನೋಡಲೂ ಇಲ್ಲ. ಅವತ್ತು ನನಗೆ ಊಟ ಸೇರಲಿಲ್ಲ ಕಣಮ್ಮ.”

“ಅಂದ್ರೆ ಹೊಟ್ಟೆಕಿಚ್ಚು.”

“ಹೊಟ್ಟೆಕಿಚ್ಚೇ. ಬೇರೆ ಹೆಸರಿಲ್ಲ ಅದಕ್ಕೆ.”

ಬೈಯಲು ನಾಲಿಗೆಯ ತುದಿಯಲ್ಲಿ ಎಷ್ಟೋ ಇತ್ತು. ಆದರೆ ಅದೇ ರೋಗ ಹದಿನೆಂಟು ವರ್ಷದಿಂದ ನನ್ನನ್ನು ತಿನ್ನುತ್ತಿತ್ತು, ಅದರ ಮುಖ ನನಗೆ ಚೆನ್ನಾಗಿ ಗೊತ್ತಿತ್ತು.

“ಶನಿವಾರ ಬರಬೇಡಿ” ಎಂದೆ.

“ಅವತ್ತು ಮೈದಾನಕ್ಕೆ ನನ್ನ ಹೆಸರಿಡ್ತಾರೆ. ಬರದೆ ಹೇಗಿರ್ಲಿ?”

“ಹಾಗಾದ್ರೆ ಕೈ ಜೇಬಲ್ಲಿ ಇಟ್ಕೊಳ್ಳಿ. ಆ ಆಟ ಸೋತರೆ ಅವನಿಗೆ ಕೆಲಸ ಇಲ್ಲ, ಕಾಲೇಜು ಕೊಟ್ಟ ಮನೆಯೂ ಇಲ್ಲ.”

“ಇಟ್ಕೋತೀನಿ” ಎಂದರು. ನನ್ನ ಮುಖ ಮಾತ್ರ ನೋಡಲಿಲ್ಲ.

ಡಾಯ್ಲ್‌ಗೆ ಹೇಳಲಿಲ್ಲ. ಹೇಳಿದ್ದರೆ ನಂಬುತ್ತಿರಲಿಲ್ಲ. ನಂಬಿಬಿಟ್ಟಿದ್ದರೆ ಇನ್ನೂ ಕಷ್ಟವಾಗುತ್ತಿತ್ತು.

ಶನಿವಾರ ಊರು ಉಕ್ಕಿ ಹರಿಯಿತು. ಬೇಯಿಸಿದ ಶೇಂಗಾ ಮಾರುವವರು, ವಾದ್ಯದವರು, ಹಳೆಯ ಕೆಂಪು ಅಂಗಿಗಳು ಹೊಟ್ಟೆಯ ಮೇಲೆ ಬಿಗಿಯಾದ ಗಂಡಸರು. ಆಟದ ನಡುವಿನ ಬಿಡುವಿನಲ್ಲಿ ಕೋಚ್ ಅವರನ್ನು ಮೈದಾನದ ನಡುವೆ ನಿಲ್ಲಿಸಿ ಹೆಸರಿನ ಫಲಕದ ಮೇಲಿನ ಬಟ್ಟೆ ಸರಿಸಿದರು. ಹತ್ತು ನಿಮಿಷ ಚಪ್ಪಾಳೆ. ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದವನು ಡಾಯ್ಲ್, ಕಣ್ಣೊರೆಸಿಕೊಳ್ಳುತ್ತಾ. ನಾನೂ ತಟ್ಟಿದೆ, ಮೂರು ಸಲ.

ಕೊನೆಗೆ ಹನ್ನೊಂದು ಸೆಕೆಂಡು ಉಳಿದವು. ನಾವು ಮೂರು ಅಂಕ ಹಿಂದೆ. ಗೆರೆಗೆ ಎರಡೇ ಗಜ, ನಾಲ್ಕನೆಯ ಸರದಿ. ಕಂಬಗಳ ನಡುವೆ ಒದ್ದರೆ ಮೂರು ಅಂಕ ಸಿಕ್ಕಿ ಆಟ ಸಮ. ಸಮವಾದದ್ದು ಸೋಲಲ್ಲ, ಕೆಲಸ ಉಳಿಯುತ್ತದೆ, ಮನೆ ಉಳಿಯುತ್ತದೆ. ನುಗ್ಗಿ ಗೆರೆ ದಾಟಿದರೆ ಗೆಲುವು. ದಾಟದಿದ್ದರೆ ಸೋಮವಾರ ಗಂಟುಮೂಟೆ ಕಟ್ಟುವುದೇ.

ಡಾಯ್ಲ್ ತಿರುಗಿ ತಲೆಯೆತ್ತಿದ.

ಪಕ್ಕದಲ್ಲಿ ಕೋಚ್ ಕೈಗಳು ಜೇಬಿನಿಂದ ಹೊರಗೆ ಬಂದವು. ಒಂದು ಕೈ ಆಗಲೇ ಎದೆಯ ಮೇಲಿತ್ತು, ಇನ್ನೊಂದು ಅದರ ಮೇಲೆ ಬರುತ್ತಿತ್ತು. ಅವರು ಹೇಳುತ್ತಿದ್ದುದು ಈ ಸಲ ತಪ್ಪೂ ಅಲ್ಲ. ನನ್ನ ಮನೆ ಉಳಿಸುವ ಮಾತೇ. ಆದರೆ ಇನ್ನೊಂದು ಸಲ ನನ್ನ ಗಂಡ ಆ ಕೈಗಳ ಮಾತು ಕೇಳುವುದನ್ನು ನೋಡಲು ನನ್ನಿಂದಾಗಲಿಲ್ಲ. ಎರಡೂ ಮಣಿಕಟ್ಟು ಹಿಡಿದು ಎಳೆದು ಅವರ ತೊಡೆಯ ಮೇಲೆ ಒತ್ತಿ ಹಿಡಿದೆ.

“ಓಪಲ್!” ಎಂದು ಮಿಸ್ ವರ್ಲೀನ್ ಬಾಯಿ ಬಿಟ್ಟರು.

ಕೋಚ್ ಕೊಸರಾಡಲಿಲ್ಲ. ಕೆಳಗೆ ಡಾಯ್ಲ್ ಆ ಕೈಗಳನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಹೌದು, ಈ ಸಲ ನನ್ನನ್ನೇ. ನಾನು ತಲೆಯಾಡಿಸಲಿಲ್ಲ, ರೆಪ್ಪೆಯನ್ನೂ ಅಲುಗಿಸಲಿಲ್ಲ. ಅವನು ಮೈದಾನದತ್ತ ತಿರುಗಿದ. ಒದೆಯುವ ಹುಡುಗ ಆಗಲೇ ಎದ್ದು ನಿಂತಿದ್ದ. ಅವನ ಹೆಗಲು ಹಿಡಿದು ಕೂರಿಸಿದ. ಹನ್ನೊಂದು ಜನ ಒಂದೇ ರಾಶಿಯಾಗಿ ನುಗ್ಗಿದರು. ರಾಶಿ ಬಿಡಿಸಿದಾಗ ಚೆಂಡು ಗೆರೆಯಿಂದ ಒಂದು ಗೇಣು ಆಚೆಗಿತ್ತು.

ಗ್ಯಾಲರಿ ಗುಡುಗಿತು. ಜನ ಕೂಗಿದ್ದು “ಸ್ಟ್ರಿಬ್ಲಿಂಗ್! ಸ್ಟ್ರಿಬ್ಲಿಂಗ್!” ಎಂದು. ಕೋಚ್ ನುಗ್ಗಿಸುತ್ತಿದ್ದಂತೆಯೇ ಇತ್ತಲ್ಲ, ಅದಕ್ಕೆ. ಕೋಚ್ ಎದ್ದು ಟೋಪಿ ತೆಗೆದು ಬೀಸಿದರು. ಅವರ ಮಣಿಕಟ್ಟಿನ ಮೇಲೆ ನನ್ನ ಉಗುರಿನ ಗುರುತು ಕೆಂಪಗೆ ಕಾಣುತ್ತಿತ್ತು.

ಹೊತ್ತು ಮುಳುಗುವ ಮೊದಲು ಡಾಯ್ಲ್ ಕಾರಿಗೆ ಬಂದ. ಅಧ್ಯಕ್ಷರು ಕೈ ಕುಲುಕಿದ್ದರು, ಕೆಲಸ ಗಟ್ಟಿಯಾಗಿತ್ತು. ಆದರೂ ಮುಖದಲ್ಲಿ ಕಳೆಯಿಲ್ಲ. ಕೀಲಿ ಹಾಕಿ, ಕಾರು ಶುರು ಮಾಡದೆ ಕೂತ.

“ಅವರ ಕೈ ಯಾಕೆ ಹಿಡ್ಕೊಂಡೆ?”

“ಭಯ ಆಯ್ತು. ಪಕ್ಕದಲ್ಲಿ ಸಿಕ್ಕಿದ್ದನ್ನ ಹಿಡ್ಕೊಂಡೆ.”

“ನಾನು ಯಾಕೆ ನೋಡ್ತೀನಿ ಅಂತ ನಿನಗೆ ಗೊತ್ತಿತ್ತಲ್ವಾ?”

“ಗೊತ್ತಿತ್ತು.”

ಅವನು ಸ್ಟೀರಿಂಗಿನ ಮೇಲೆ ಹೆಬ್ಬೆರಳು ಉಜ್ಜಿದ. ಆಮೇಲೆ ಕೇಳಿದ, “ಓಪಲ್, ನಿಜ ಹೇಳು. ನೀನು ಹಿಡ್ಕೊಳ್ಳೋ ಮುಂಚೆ ಅವರ ಕೈ ಎಲ್ಲಿಗೆ ಹೋಗ್ತಿತ್ತು? ಕೋಚ್ ಏನು ಹೇಳೋಕೆ ಹೊರಟಿದ್ರು?”

ಆ ಜಗಲಿಯ ಮಾತು, ಆ ಮುದುಕನ ಹೊಟ್ಟೆಕಿಚ್ಚು, ನಾಲ್ಕು ಸೋಲು, ಎಲ್ಲ ಬಾಯಿಗೆ ಬಂತು. ಒಂದೇ ಮಾತು ಸಾಕಿತ್ತು. ಇವತ್ತು ಗೆದ್ದವನು ನೀನೊಬ್ಬನೇ, ಅವರು ಬೇಡ ಅಂದದ್ದನ್ನೇ ಮಾಡಿ ಗೆದ್ದೆ ಎಂದು. ಆ ಮಾತಿಗಾಗಿ ನಾನು ಹದಿನೆಂಟು ವರ್ಷ ಕಾದಿದ್ದೆ. ಅವನ ಮುಖ ನೋಡಿದೆ. ಆಸ್ಪತ್ರೆಯ ಮಂಚದ ಮೇಲೆ ಮಂಡಿ ಮುರಿದುಕೊಂಡು ಮಲಗಿದ್ದಾಗಲೂ ಹೀಗೇ ಕಾಣುತ್ತಿದ್ದನೇನೋ.

“ಟೋಪಿ ಮುಟ್ಟೋಕೆ ಹೋಗ್ತಿದ್ರು” ಎಂದೆ.

“ನನಗೆ ಗೊತ್ತಿತ್ತು!” ಎಂದು ಸ್ಟೀರಿಂಗಿಗೆ ಗುದ್ದಿ ಗಹಗಹಿಸಿ ನಕ್ಕ. “ನನಗೆ ಗೊತ್ತಿತ್ತು ಓಪಲ್, ಕೋಚ್ ಅದನ್ನೇ ಹೇಳ್ತಾರೆ ಅಂತ!”

ನಮ್ಮ ಮದುವೆಯ ದಿನವೂ ಆ ಮುಖ ಅಷ್ಟು ಅರಳಿರಲಿಲ್ಲ. ದಾರಿಯುದ್ದಕ್ಕೂ ಸಿಳ್ಳೆ ಹಾಕುತ್ತಾ ಕಾರು ಓಡಿಸಿದ. ನಾನು ಕಿಟಕಿಯತ್ತ ಮುಖ ತಿರುಗಿಸಿ ಕೂತೆ, ಅಳು ಬರುವಷ್ಟು ಹೊಟ್ಟೆ ಉರಿಯುತ್ತಿತ್ತು.