ಬನ್ನಂಜೆಯ ಮಣ್ಣಿ, ಕಾಪುವಿನ ಗಂಜಿ

೨೦೨೨ರ ಸೆಪ್ಟೆಂಬರ್ ೧೪, ಬುಧವಾರ. ಆಧಾರ: ನಮ್ಮ ಅಡುಗೆಮನೆಯ ಗೋಡೆಯಲ್ಲಿದ್ದ ಆ ವರ್ಷದ ಕ್ಯಾಲೆಂಡರ್. ಆ ದಿನದ ಚೌಕದಲ್ಲಿ ನನ್ನ ಅಕ್ಷರದಲ್ಲಿ ‘ರಾಗಿ ನೆನೆಸಿದ್ದು’ ಎಂದಿದೆ. ವಾರವನ್ನು ಪಂಚಾಂಗದೊಂದಿಗೆ ತಾಳೆ ನೋಡಿದ್ದೇನೆ, ಸರಿಯಿದೆ. ಮಗಳು ತೀರಿಕೊಂಡು, ಬೊಜ್ಜದ ಉತ್ತರಕ್ರಿಯೆಗಳು ಮುಗಿದು, ಬಂಧುಗಳು ಅವರವರ ಊರಿಗೆ ಹೋದ ಮೇಲೆ ಅವಳ ಒಂದೂವರೆ ವರ್ಷದ ಹೆಣ್ಣುಮಗುವಿಗೆ ರಾಗಿಯ ಮಣ್ಣಿ ಮಾಡಲು ನಾನು ಹೊರಟ ದಿನ ಅದು. ಮಗಳು ಹೋದದ್ದು ಆಗಸ್ಟ್ ಕೊನೆಯಲ್ಲಿ, ಮಣಿಪಾಲದ ಆಸ್ಪತ್ರೆಯಲ್ಲಿ. ಆ ದಿನಾಂಕಕ್ಕೆ ನನಗೆ ಆಧಾರ ಬೇಕಿಲ್ಲ. ಅದನ್ನು ಬರೆಯುವುದೂ ಇಲ್ಲ.

ಜಿಲ್ಲೆಯ ಹಳೆಯ ಮನೆತನಗಳ ಕಾಗದಪತ್ರಗಳನ್ನು ಓದುವುದೇ ನನ್ನ ವೃತ್ತಿಯಾಗಿತ್ತು. ಎರಡು ಸಾಕ್ಷ್ಯಗಳಿಲ್ಲದೆ ಒಂದು ದಿನಾಂಕವನ್ನೂ ಬರೆಯಬಾರದೆಂಬ ಶಿಸ್ತು ನಿವೃತ್ತಿಯ ನಂತರವೂ ಉಳಿದಿದೆ. ನಮ್ಮ ಕುಟುಂಬದಲ್ಲಿಯೂ ಅಳಿಯನ ಕುಟುಂಬದಲ್ಲಿಯೂ ಮಗು ತಾಯಿಯ ಬಳಿಗೆ, ಎಂದರೆ ತಾಯಿಯ ವಂಶಕ್ಕೆ ಸೇರುತ್ತದೆ. ಆ ಕಟ್ಟಳೆಯ ಬಗ್ಗೆ ನಾನು ಪ್ರಬಂಧಗಳನ್ನು ಬರೆದವಳು. ಆದ್ದರಿಂದ ಮಗು ಉಡುಪಿಯ ಬನ್ನಂಜೆಯಲ್ಲಿ, ನನ್ನಲ್ಲಿ, ಬೆಳೆಯಬೇಕೆಂಬುದರ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ. ಅಳಿಯನಿಗೆ ಕಾರ್ಕಳದ ಬ್ಯಾಂಕೊಂದರಲ್ಲಿ ಕೆಲಸ. ಬಾಡಿಗೆ ಮನೆಯಲ್ಲಿ ಒಬ್ಬನೇ ಮಗುವನ್ನು ನೋಡಿಕೊಳ್ಳುವುದು ಅವನಿಂದಾಗುವ ಮಾತಲ್ಲ. ಆದರೆ ಮಗು ಉಣ್ಣುವುದನ್ನು ಬಿಟ್ಟಿತ್ತು. ತೂಕ ಇಳಿಯುತ್ತಿದೆ, ಇದು ಹೀಗೆಯೇ ಮುಂದುವರಿಯಬಾರದು ಎಂದು ವೈದ್ಯರು ಎಚ್ಚರಿಸಿದ್ದರು. ಅಳಿಯ ಹೆಚ್ಚು ಮಾತನಾಡುವವನಲ್ಲ. ಕಾರ್ಕಳಕ್ಕೆ ಹೊರಟವನು ಚಪ್ಪಲಿ ಮೆಟ್ಟುತ್ತಾ ಒಂದೇ ಮಾತು ಹೇಳಿದ: “ಅವಳು ಎಲ್ಲಿ ಉಣ್ಣುತ್ತಾಳೋ ಅಲ್ಲಿ ಇರಲಿ ಮಾಮಿ.”

ನಾವು ಮನೆಯಲ್ಲಿ ಆಡುವುದು ತುಳು. ಇಲ್ಲಿರುವ ಮಾತುಗಳೆಲ್ಲ ನನ್ನ ಕನ್ನಡದಲ್ಲಿವೆ ಎಂಬುದನ್ನು ಓದುಗರು ಗಮನಿಸಬೇಕು.

ಮಣ್ಣಿ ಸರಳವಾದ ಅಡುಗೆ, ಆದರೆ ನಿಧಾನದ್ದು. ರಾಗಿಯನ್ನು ಹಿಂದಿನ ದಿನವೇ ತೊಳೆದು ನೆನೆಸಬೇಕು. ನುಣ್ಣಗೆ ರುಬ್ಬಿ, ತೆಳುವಾದ ಹತ್ತಿ ಬಟ್ಟೆಯಲ್ಲಿ ಸೋಸಿ, ಹಿಂಡಿದ ಹಾಲನ್ನು ಅಲುಗಾಡಿಸದೆ ಇಡಬೇಕು. ತಳದಲ್ಲಿ ಬಿಳಿಯ ಹಿಟ್ಟು ಕೂತ ಮೇಲೆ ಮೇಲಿನ ಕಂದು ನೀರನ್ನು ಬಗ್ಗಿಸಿ ಚೆಲ್ಲಬೇಕು. ಬಿಸಿಲಿದ್ದರೆ ಆ ಹಿಟ್ಟನ್ನು ಒಣಗಿಸಿ ಪುಡಿ ಮಾಡಿ ಇಟ್ಟುಕೊಳ್ಳಬಹುದು. ಆ ಸೆಪ್ಟೆಂಬರಿನಲ್ಲಿ ಮೋಡ ಬಿಟ್ಟುಬಿಟ್ಟು ಬರುತ್ತಿದ್ದುದರಿಂದ ನಾನು ಹಸಿಯಾಗಿಯೇ ಬಳಸಿದೆ. ತೆಂಗಿನ ಹಾಲು, ಚೂರು ಬೆಲ್ಲ, ಸಣ್ಣ ಉರಿ. ಕೈ ನಿಲ್ಲಿಸಿದರೆ ಗಂಟು ಕಟ್ಟುತ್ತದೆ. ಬಣ್ಣ ಗಾಢವಾಗಿ, ಹೊಳಪು ಬಂದು, ಸೌಟಿನಿಂದ ಜಾರಿ ಬೀಳುವಾಗ ಕೊನೆಗೆ ತುಪ್ಪ. ಇದನ್ನು ಮಗಳಿಗೆ ಕಲಿಸಿದವಳು ನಾನು. ಕಾರ್ಕಳದಿಂದ ಅವಳು ಫೋನು ಮಾಡಿ, ಒಲೆಯ ಮುಂದೆ ನಿಂತೇ, ‘ಇಷ್ಟು ಸಾಕಾ ಅಮ್ಮ’ ಎಂದು ಕೇಳುತ್ತಿದ್ದಳು. ಫೋನಿನಲ್ಲಿ ಏನು ಕಾಣುತ್ತದೆ? ಆದರೂ ಸಾಕು ಎನ್ನುತ್ತಿದ್ದೆ.

ಮಗು ಮೊದಲ ಚಮಚವನ್ನು ಬಾಯಲ್ಲಿ ಇಟ್ಟುಕೊಂಡು ನನ್ನ ಮುಖವನ್ನೇ ನೋಡಿತು. ನುಂಗಲಿಲ್ಲ, ನಾಲಿಗೆಯಿಂದ ಮೆಲ್ಲನೆ ಹೊರಗೆ ತಳ್ಳಿತು. ಆಮೇಲೆ ತುಟಿ ತೆರೆಯಲಿಲ್ಲ. ಮರುದಿನ ಬೆಲ್ಲ ಹೆಚ್ಚಿಸಿದೆ, ಅದರ ಮರುದಿನ ದನದ ಹಾಲು ಹಾಕಿದೆ, ಬಾಳೆಹಣ್ಣು ಕಿವುಚಿ ಸೇರಿಸಿದೆ. ಮಗಳು ಉಣ್ಣಿಸುತ್ತಿದ್ದ ಬಟ್ಟಲು, ಚಮಚ ಎಲ್ಲವನ್ನೂ ಕಾರ್ಕಳದಿಂದ ತರಿಸಿದೆ. ಬಟ್ಟಲನ್ನು ಕಂಡೊಡನೆ ಮಗು ಬಾಗಿಲಿನ ಕಡೆಗೆ ತಿರುಗಿತು. ಯಾರನ್ನು ಹುಡುಕುತ್ತಿದೆ ಎಂಬುದು ನನಗೆ ತಿಳಿಯುತ್ತಿತ್ತು. ಆ ದಿನಗಳ ನನ್ನ ನೆನಪೆಲ್ಲ ಹೀಗೆಯೇ ಇದೆ: ಮುಚ್ಚಿದ ತುಟಿ, ತಣ್ಣಗಾಗಿ ಮೇಲೆ ಕೆನೆಗಟ್ಟಿದ ಮಣ್ಣಿ.

ಕಾಪುವಿಗೆ, ಅಳಿಯನ ತಾಯಿಯ ಮನೆಗೆ, ಹೋದದ್ದು ೨೦೨೨ರ ಅಕ್ಟೋಬರ್ ೨ರಂದು. ನನಗೆ ನೆನಪಿರುವುದು ಭಾನುವಾರ. ಅಳಿಯ ಗಾಂಧಿ ಜಯಂತಿ ಎನ್ನುತ್ತಾನೆ. ಆ ವರ್ಷ ಎರಡೂ ಒಂದೇ ದಿನ ಬಂದಿದ್ದವು, ಆದ್ದರಿಂದ ವಿವಾದವಿಲ್ಲ. ನವರಾತ್ರಿಯ ಕಾರಣ ಅವರಲ್ಲಿ ಮೀನು ಮಾಡಿರಲಿಲ್ಲವೆಂಬುದೂ ಇದಕ್ಕೆ ಹೊಂದುತ್ತದೆ. ಅಳಿಯನ ತಾಯಿ ಬಹಳ ವರ್ಷ ಮಾರುಕಟ್ಟೆಯಲ್ಲಿ ಮೀನು ಮಾರಿದವರು. ಮೊಣಕಾಲು ನೋವಿನಿಂದಾಗಿ ಆಗ ಮನೆಯಲ್ಲಿಯೇ ಇದ್ದರು. ನನ್ನನ್ನು ಅಕ್ಕ ಎನ್ನುತ್ತಾರೆ. ನಾನು ಡಬ್ಬಿಯಲ್ಲಿ ಮಣ್ಣಿ ಕೊಂಡೊಯ್ದಿದ್ದೆ. ಚಾವಡಿಯಲ್ಲಿ ಮಗುವನ್ನು ಕೂರಿಸಿ ಚಮಚ ಹಿಡಿದದ್ದನ್ನು ಅವರು ಸ್ವಲ್ಪ ಹೊತ್ತು ನೋಡಿದರು. ನೀವು ಉಣ್ಣಿಸುವುದೋ, ಪರೀಕ್ಷೆ ತೆಗೆದುಕೊಳ್ಳುವುದೋ ಎಂದು ಕೆಣಕಿದರು. ನನಗೆ ನಗು ಬರಲಿಲ್ಲ. ಅದನ್ನು ಕಂಡು ಅವರು ತಮ್ಮ ಊಟಕ್ಕೆ ಬಡಿಸಿಕೊಂಡು, ಮೊಣಕಾಲು ನೀವಿಕೊಳ್ಳುತ್ತಾ ನೆಲದಲ್ಲಿ ಕುಳಿತರು. ಕುಚ್ಚಲಕ್ಕಿ ಗಂಜಿ, ಅದರಲ್ಲಿಯೇ ಬೆಂದ ಹೆಸರುಕಾಳು, ಬದಿಯಲ್ಲಿ ಉಪ್ಪಿನಕಾಯಿ.

ಮಗು ನನ್ನ ಮಡಿಲಿನಿಂದ ಜಾರಿ, ಅಂಬೆಗಾಲಿನಲ್ಲಿ ಹೋಗಿ, ಅವರ ಬಟ್ಟಲಿಗೆ ಕೈ ಹಾಕಿತು. ಅವರು ಉಪ್ಪಿನಕಾಯಿಯನ್ನು ದೂರ ಸರಿಸಿ, ಅನ್ನವನ್ನೂ ಕಾಳನ್ನೂ ಬೆರಳಿನಲ್ಲಿ ನುರಿದು ಒಂದು ತುತ್ತು ಕೊಟ್ಟರು. ಮಗು ನುಂಗಿತು. ಮತ್ತೊಂದು ತುತ್ತಿಗೆ ಬಾಯಿ ತೆರೆಯಿತು. ಅಳಿಯ ಬಾಗಿಲಲ್ಲಿ ನಿಂತಿದ್ದವನು ಅಂಗಳಕ್ಕೆ ಇಳಿದು ಬೆನ್ನು ತಿರುಗಿಸಿ ನಿಂತ. ಬಟ್ಟಲು ಬರಿದಾಯಿತು. ಅವರ ಊಟವೆಲ್ಲ ಮಗುವಿಗೇ ಆಯಿತು.

“ನಾನು ಎಂತದೂ ಮಾಡಲಿಲ್ಲ ಅಕ್ಕ,” ಎಂದರು ಅವರು, ತಪ್ಪು ಮಾಡಿದವರಂತೆ. “ಅವಳೇ ಕೈ ಹಾಕಿದ್ದು.”

ಮಧ್ಯಾಹ್ನ ಮಗು ಅವರ ಸೀರೆಯ ಸೆರಗಿನ ಮೇಲೆ ಮಲಗಿ ನಿದ್ದೆ ಮಾಡಿತು. ಹೊರಡುವ ಹೊತ್ತಿಗೆ ನಾನೇ ಮಾತು ತೆಗೆದೆ: ಮಗು ಇಲ್ಲಿಯೇ ಇರಲಿ.

“ಅದು ಹೇಗೆ ಆಗ್ತದೆ? ಇವಳು ನಿಮ್ಮ ಬಳಿಯ ಮಗು. ನಾನು ಇಟ್ಟುಕೊಂಡರೆ ನಾಲ್ಕು ಜನ ಎಂತ ಹೇಳಿಯಾರು?”

“ಅಲ್ಲಿ ಅವಳು ಉಣ್ಣುವುದಿಲ್ಲ.”

“ಉಣ್ಣುತ್ತಾಳೆ ಅಕ್ಕ. ಇನ್ನೂ ಸ್ವಲ್ಪ ದಿನ ನೋಡಿ. ಅಮ್ಮನ ವಾಸನೆ ಇರುವ ಮನೆ ಅದು, ಮಗುವಿಗೆ ಸಮಯ ಬೇಕು. ನಿಮಗೂ ಬೇಕು.”

“ಒಂದು ಸಲವೂ ಉಂಡಿಲ್ಲ,” ಎಂದೆ. ಅವರು ಮಗನ ಕಡೆಗೆ ತಿರುಗಿದರು. ನಾನೂ ಅಳಿಯನ ಮುಖ ನೋಡಿದೆ. ಅವನು ನೆಲ ನೋಡುತ್ತಿದ್ದ.

ಬಸ್ಸಿನಲ್ಲಿ ಉಡುಪಿಗೆ ಮರಳುವಾಗ ಮಡಿಲಿನಲ್ಲಿ ಮಣ್ಣಿಯ ಡಬ್ಬಿ ಇತ್ತು. ಮನೆಗೆ ಬಂದು ಅದನ್ನು ಚೆಲ್ಲಲಾಗದೆ ನಾನೇ ತಿಂದೆ. ರುಚಿ ಸರಿಯಾಗಿಯೇ ಇತ್ತು.

ಮಗು ಕಾಪುವಿನಲ್ಲಿ ತುಂಬಿಕೊಂಡು ಬೆಳೆಯಿತು. ಈಗ ಅಲ್ಲಿಯೇ ಶಾಲೆಗೆ ಹೋಗುತ್ತಿದ್ದಾಳೆ. ನಾನು ಹೋದಾಗ ‘ಬನ್ನಂಜೆ ಅಜ್ಜಿ ಬಂದರು’ ಎಂದು ಒಳಗೆ ಓಡಿ ಸುದ್ದಿ ಹೇಳುತ್ತಾಳೆ. ಬಂದವರನ್ನು ಕೂರಿಸುವಂತೆ ಕುರ್ಚಿ ಎಳೆದು ಕೊಡುತ್ತಾಳೆ. ಒಳಗಿನ ಅಜ್ಜಿಗೆ ಬರಿಯ ‘ಅಜ್ಜಿ’. ಬನ್ನಂಜೆಗೆ ಬಂದಾಗ ರಾತ್ರಿ ನಿಲ್ಲು ಎಂದರೆ ನಿಲ್ಲುವುದಿಲ್ಲ. ಸಂಜೆಯಾದರೆ ಮನೆಗೆ ಹೋಗಬೇಕು ಎನ್ನುತ್ತಾಳೆ. ಅವಳು ಹೇಳುವ ಮನೆ ಕಾಪುವಿನದು. ಅದು ನ್ಯಾಯವೇ.

ಇತ್ತೀಚೆಗೆ ಅಳಿಯ ಹೊಸ ಫೋನು ಕೊಂಡ. ಹಳೆಯದರಲ್ಲಿದ್ದ ಮಗುವಿನ ಚಿತ್ರಗಳನ್ನೆಲ್ಲ ನನಗೆ ಕಳುಹಿಸಿದ. ಅವುಗಳ ನಡುವೆ ಒಂದು ಚಿಕ್ಕ ವಿಡಿಯೊ ಇದೆ. ನಮ್ಮ ಬನ್ನಂಜೆಯ ಮನೆ. ನಾನು ನೆಲದಲ್ಲಿ ಕುಳಿತಿದ್ದೇನೆ, ಮಗು ನನ್ನ ಮಡಿಲಲ್ಲಿದೆ, ಮುಂದೆ ಮಣ್ಣಿಯ ಬಟ್ಟಲು. ಚಮಚ ಹತ್ತಿರ ಬರುವ ಮೊದಲೇ ಅದು ಬಾಯಿ ತೆರೆಯುತ್ತದೆ. ಕೊನೆಯಲ್ಲಿ ಬರಿದಾದ ಬಟ್ಟಲಿನ ಅಂಚನ್ನು ಎರಡೂ ಕೈಗಳಿಂದ ಬಡಿಯುತ್ತದೆ. ‘ಆಯಿತು, ಮುಗಿಯಿತು, ಇನ್ನು ನಾಳೆಗೆ’ ಎನ್ನುವ ಧ್ವನಿ ನನ್ನದೇ, ಮತ್ತು ಆ ಧ್ವನಿಯಲ್ಲಿ ನಗುವಿದೆ.

ಫೋನು ತೋರಿಸುವ ದಿನಾಂಕ ೨೦೨೨ರ ಸೆಪ್ಟೆಂಬರ್ ೨೪, ಶನಿವಾರ. ಫೋನಿನ ದಿನಾಂಕ ತಪ್ಪಿರಬಹುದೆಂದು ಪರಿಶೀಲಿಸಿದೆ. ಹಿಂದಿನ ಗೋಡೆಯಲ್ಲಿ ಮಗಳ ಫೋಟೊ ಇದೆ, ಅದಕ್ಕೆ ಹಾರವಿದೆ. ಆದ್ದರಿಂದ ಅದು ಆಗಸ್ಟಿನ ಅನಂತರದ್ದೇ. ಅಕ್ಟೋಬರ್ ಎರಡರ ಮೇಲೆ ಮಗು ಆ ಮನೆಯಲ್ಲಿ ಉಳಿದಿಲ್ಲ. ಅದು ತಿಂಗಳ ನಾಲ್ಕನೆಯ ಶನಿವಾರ, ಬ್ಯಾಂಕಿಗೆ ರಜೆ; ಅಳಿಯ ಬಂದಿರಬಹುದು. ಅವನನ್ನು ಕೇಳಿದೆ. ಬಂದಿದ್ದೆ, ಅಮ್ಮನಿಗೆ ತೋರಿಸಲೆಂದು ತೆಗೆದದ್ದು, ಆಮೇಲೆ ಮರೆತೇಹೋಯಿತು ಎಂದ. ಕಾಪುವಿನಲ್ಲಿ ಆ ದಿನ ಇದನ್ನೇಕೆ ಹೇಳಲಿಲ್ಲ ಎಂದು ಕೇಳಲಿಲ್ಲ. ಅವನೇ ಹೇಳಿದ: “ನೀವು ಅಷ್ಟು ಖಚಿತವಾಗಿ ಹೇಳಿದಿರಿ ಮಾಮಿ. ನನಗೇ ತಪ್ಪು ನೆನಪು ಅಂತ ಅಂದುಕೊಂಡೆ.”

ಎರಡು ಸಾಕ್ಷ್ಯಗಳು ಪರಸ್ಪರ ವಿರೋಧಿಸಿದರೆ ಘಟನೆಯ ಕಾಲದಲ್ಲಿಯೇ ಹುಟ್ಟಿದ ದಾಖಲೆಯನ್ನು ಒಪ್ಪಬೇಕು, ನೆನಪನ್ನಲ್ಲ ಎಂಬುದು ನಿಯಮ. ಒಪ್ಪಿದ್ದೇನೆ. ೨೦೨೨ರ ಸೆಪ್ಟೆಂಬರ್ ೨೪ರಂದು ಮಗು ಬನ್ನಂಜೆಯಲ್ಲಿ ನನ್ನ ಕೈಯಿಂದ ಬಟ್ಟಲು ತುಂಬ ಮಣ್ಣಿ ಉಂಡಿದೆ. ನನಗೆ ಆ ಶನಿವಾರ ನೆನಪಿಲ್ಲ.