ಕಾಯುವವರಿಗೆ ಕಟ್ಟಿದ ಗೋಡೆ

ತಾರೀಖು ಹನ್ನೊಂದು, ಮಂಗಳವಾರ, ಬೆಳಿಗ್ಗೆ ಏಳೂಕಾಲು. ಬಂಗಾರಪೇಟೆಯ ನಮ್ಮ ಮನೆಯ ಜಗಲಿಯಲ್ಲಿ ಹಾಜರಿದ್ದವರು ಮೂವರು: ನಾನು, ನನ್ನ ಹೆಂಡತಿ, ಪಕ್ಕದ ಬೀದಿಯ ಮೇಷ್ಟ್ರು. ಏಳಕ್ಕೆ ಬರುತ್ತೇನೆಂದು ಹೇಳಿ ತಡವಾಗಿ ಬಂದ ಅವರನ್ನು ನಾನು ಗಡಿಯಾರದ ಕಡೆ ನೋಡುತ್ತಲೇ ಬರಮಾಡಿಕೊಂಡೆ. ಊರವರೆಲ್ಲ ಸೇರಿ ಆಸ್ಪತ್ರೆಯ ಆವರಣದಲ್ಲಿ ರೋಗಿಗಳ ಕಡೆಯವರು ಕಾಯಲು ಒಂದು ಷೆಡ್ಡು ಕಟ್ಟಿಸುತ್ತಾರಂತೆ. ನಕ್ಷೆಯನ್ನು ನಾನೊಮ್ಮೆ ನೋಡಬೇಕಂತೆ. ಬಿಚ್ಚಿ ನೋಡಿದೆ. ಬೆಂಚು, ನಲ್ಲಿ, ಎಲ್ಲವೂ ಅಚ್ಚುಕಟ್ಟು. ಬೆಂಚುಗಳಿಗೂ ಆಪರೇಷನ್ ಕೋಣೆಯ ಬಾಗಿಲಿಗೂ ನಡುವೆ ಒಂದು ದಪ್ಪ ಗೆರೆ.

"ಈ ಗೋಡೆ ಯಾಕೆ ಮೇಷ್ಟ್ರೇ?"

"ಪಾಪ, ಸ್ಟ್ರೆಚರ್ ನೋಡಿ ಜನ ಗಾಬರಿ ಆಗ್ಬಾರ್ದು ಅಂತ ಸಾರ್."

ನನ್ನ ಕಾಫಿ ಲೋಟದಲ್ಲೇ ಆರಿತು. ಇದೇ ಮಾತನ್ನು ನಾನೂ ಒಮ್ಮೆ ಒಂದು ಫೈಲಿನಲ್ಲಿ ಬರೆದಿದ್ದೆ.

ಐವತ್ತರ ದಶಕದ ಕೊನೆ. ಕೆ.ಜಿ.ಎಫ್.ನ ಒಂದು ಗಣಿಯಲ್ಲಿ ನಾನು ಕಟ್ಟಡಗಳ ಓವರ್‌ಸಿಯರ್. ಗಣಿಯ ಸೈರನ್ನಿಗೆ ಎದ್ದು, ಅದೇ ಸೈರನ್ನಿಗೆ ಉಂಡು ಬೆಳೆದವನು. ಮದುವೆಯ ಮಂಟಪದಲ್ಲಿ ಕೂಡ ಮುಹೂರ್ತ ಎರಡು ನಿಮಿಷ ಮೀರಿತೆಂದು ಪುರೋಹಿತರನ್ನು ಎಚ್ಚರಿಸಿದೆನೆಂದು ನನ್ನ ಹೆಂಡತಿ ಇಂದಿಗೂ ಹೇಳುತ್ತಾಳೆ. ನಾಲ್ಕು ನಿಮಿಷ ಎಂಬುದು ನನ್ನ ಲೆಕ್ಕ.

ಆಳದಲ್ಲಿ ಬಂಡೆ ಸಿಡಿದರೆ ಮೇಲೆ ನೆಲ ನಡುಗುತ್ತಿತ್ತು, ನೋಡಿ. ಕಾರ್ಮಿಕರ ಲೈನ್ ಮನೆಗಳ ನಾಗಂದಿಗೆಯಲ್ಲಿ ಪಾತ್ರೆಗಳು ಗಲಗಲ ಎನ್ನುತ್ತಿದ್ದವು. ಒಲೆಯ ಮೇಲಿನದನ್ನು ಹಾಗೇ ಬಿಟ್ಟು ಹೆಂಗಸರು ಗಣಿಗಿಳಿಯುವ ಬಾವಿ, ಆ ಶಾಫ್ಟಿನ ಬಳಿಗೆ ಓಡಿ ಬಂದು, ಗಂಡಸರು ಮೇಲೆ ಬರುವವರೆಗೂ ಬಿಸಿಲಲ್ಲಿ ನಿಲ್ಲುತ್ತಿದ್ದರು. ಅವರಿಗೊಂದು ನೆರಳು ಮಾಡು ಎಂದರು ಮೇಲಿನವರು. ನಾನು ಮನಸ್ಸಿಟ್ಟು ನಕ್ಷೆ ಬರೆದೆ: ತಗಡಿನ ಸೂರು, ಬೆಂಚು, ಸುತ್ತ ಬೇಲಿ, ಶಾಫ್ಟಿನ ಕಡೆಗೆ ಆಳೆತ್ತರದ ಗೋಡೆ. ಗಾಯಾಳುಗಳನ್ನು ಹೊತ್ತು ತರುವುದು ಅವರ ಕಣ್ಣಿಗೆ ಬೀಳಬಾರದಲ್ಲ!

ಗಾರೆ ಹೊರಲು ಬಂದವರಲ್ಲಿ ಮುನಿಯಮ್ಮ ಎಂಬಾಕೆ ಇದ್ದಳು. ಬೂದಿಕೋಟೆ ಕಡೆಯವಳು, ಗಂಡ ವೆಂಕಟಪ್ಪನಿಗೆ ಆಳದಲ್ಲಿ ಕೆಲಸ. ಬಾಂಡಲಿ ಇಳಿಸಿ ಒಮ್ಮೆ ಕೇಳಿದಳು: "ಸಾಮಿ, ಈ ಕಡೀಕೆ ಗೋಡೆ ಎತ್ತುದ್ರೆ ನಮ್ಗೇನ್ ಕಾಣ್ತದೆ?"

"ನಿನ್ನ ಕೆಲಸ ನೋಡಮ್ಮ," ಎಂದೆ. ಕೆಲಸ ವಾಯಿದೆಗೆ ಮೂರು ದಿನ ಮೊದಲೇ ಮುಗಿಯಿತು. ನನಗೆ ಆಗ ಅದೇ ಮುಖ್ಯ.

ಎರಡು ತಿಂಗಳಿಗೆ ನೆಲ ನಡುಗಿತು. ಬೆಳಿಗ್ಗೆ ಹತ್ತರ ಸುಮಾರು. ಹೆಂಗಸರನ್ನೆಲ್ಲ ಷೆಡ್ಡಿನೊಳಗೆ ಕೂರಿಸು, ದಾರಿಗೆ ಬಿಡಬೇಡ ಎಂದು ನನಗೆ ಹುಕುಂ ಆಯಿತು. ಬೇಲಿಯ ಗೇಟು ಹಾಕಿ ನಿಂತೆ. ಒಳಗೆ ನಲವತ್ತು ಐವತ್ತು ಜನ. ಕೂತವರು ಒಬ್ಬರೂ ಇಲ್ಲ.

"ಕೂತ್ಕೊಳ್ಳಿ, ನೆರಳಿದೆ," ಎಂದೆ.

ಕೋರಮಂಡಲ್ ಲೈನಿನ ತಮಿಳು ಮುದುಕಿ ಚಿನ್ನತಾಯಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವಳ ಒಬ್ಬನೇ ಮಗ ಕೆಳಗಿದ್ದ. "ತಂಬಿ ಕೂತ್ಕೋ ಅಂತಾನೆ, ನೋಡ್ರಮ್ಮ! ಅವ್ನ ಹೆಂಡ್ತಿ ಹೆರಿಗೇಲಿ ಇರೋವಾಗ ಅವ್ನು ಕಾಲ್ಮೇಲೆ ಕಾಲಾಕ್ಕೊಂಡು ಕೂತಿರ್ತಾನೇನೋ!"

ಯಾರೂ ನಗಲಿಲ್ಲ. ಶಾಫ್ಟಿನ ಮೇಲಿನ ದೊಡ್ಡ ಚಕ್ರ ತಿರುಗತೊಡಗಿತು. ಆಳುಗಳನ್ನು ಹೊತ್ತ ಕೇಜು ಮೇಲೆ ಬರುತ್ತಿದೆ ಎಂದು ಎಲ್ಲರಿಗೂ ತಿಳಿಯಿತು. ಕೇಜಿನಿಂದ ಇಳಿದವರು ಯಾರೆಂದು ಮಾತ್ರ ತಿಳಿಯಲಿಲ್ಲ. ನಡುವೆ ನನ್ನ ಗೋಡೆ.

"ಯಾರ್ ಬಂದ್ರು ಸಾಮಿ? ನೀವಾದ್ರೂ ನೋಡಿ ಯೋಳಿ!" ಎಂದಳು ಮುನಿಯಮ್ಮ.

ಗೇಟಿನ ಹೊರಗೆ ನಾಲ್ಕು ಹೆಜ್ಜೆ ಹೋಗಿ ನೋಡಿದೆ. ಎಂಟು ಹತ್ತು ಜನ ಇಳಿದಿದ್ದರು. ಎಲ್ಲರ ಮುಖಕ್ಕೂ ಒಂದೇ ಬೂದಿ ಬಣ್ಣದ ಧೂಳು. ಹೆಂಡತಿಯಾದವಳು ನಡಿಗೆಯಲ್ಲೇ ಗುರುತಿಸುತ್ತಿದ್ದಳು. ನನಗೆ ಏನು ಗೊತ್ತಾದೀತು? ತಿರುಗಿ ಬಂದು ಗೇಟು ಹಾಕಿದೆ. ಆ ಐವತ್ತು ಮುಖಗಳನ್ನು ನಾನು ಮರೆತಿಲ್ಲ.

ಎರಡನೆಯ ಕೇಜು ಬಂತು. ಆಮೇಲೆ ಚಕ್ರ ನಿಂತಿತು. ನಿಂತೇ ಇತ್ತು. ಮುನಿಯಮ್ಮ ಗೋಡೆಯ ಹತ್ತಿರ ಹೋಗಿ ಅಂಗೈ ಆಡಿಸಿದಳು.

"ಸಾಮಿ, ಇಲ್ಲಿಗೆ ಗಾರೆ ಒತ್ತೋಳು ನಾನೇ. ಮ್ಯಾಗಿನ್ ವರಸೆಗೆಲ್ಲಾ ಸುಣ್ಣ ಸಾಲ್ದೇ ಬರೀ ಮಣ್ಣಾಕಿದ್ರು. ಒಂದ್ ಹಾರೆ ಕೊಡ್ಸಿ."

"ಅದು ಗಣಿಯ ಆಸ್ತಿಯಮ್ಮ."

"ಒಳಗಿರೋನು ನನ್ ಗಂಡ ಕಣ್ ಸಾಮಿ."

ಹುಕುಂ ಮೀರುವುದು ಆ ಗಳಿಗೆಯವರೆಗೆ ನನಗೆ ಗೊತ್ತಿರಲಿಲ್ಲ. ಕಾವಲಿನವನ ಹತ್ತಿರ ಹಾರೆ ಇಸಿದುಕೊಂಡು, ಮೊದಲ ಇಟ್ಟಿಗೆಯನ್ನು ನಾನೇ ಎಬ್ಬಿಸಿದೆ. ಮಿಕ್ಕದ್ದನ್ನು ಹೆಂಗಸರು ಕೈಯಿಂದಲೇ ಕಿತ್ತರು, ಒಬ್ಬರಿಂದೊಬ್ಬರಿಗೆ ದಾಟಿಸಿ ಬೇಲಿಯ ಪಕ್ಕ ಜೋಡಿಸಿದರು. ಅಷ್ಟು ಶಿಸ್ತಿನ ಕೆಲಸವನ್ನು ನನ್ನ ಆಳುಗಳು ಎಂದೂ ಮಾಡಿರಲಿಲ್ಲ. ಗೋಡೆ ಸೊಂಟದ ಮಟ್ಟಕ್ಕೆ ಇಳಿಯುವಷ್ಟರಲ್ಲಿ ಚಕ್ರ ಮತ್ತೆ ತಿರುಗಿತು. ಎಲ್ಲರ ಕೈಯೂ ನಿಂತಿತು.

ಸ್ಟ್ರೆಚರ್ ಹೊರಬಂತು. ಇಂಥದ್ದು ಕಾಣಬಾರದೆಂದೇ ನಾನು ಅಷ್ಟೆಲ್ಲ ಮಾಡಿದ್ದು. ಮುನಿಯಮ್ಮ ಗೋಡೆಯ ಮೇಲೆ ಬಗ್ಗಿ ನೋಡಿದಳು, ಕೂಗಿದಳು: "ಮಕ ಮುಚ್ಚಿಲ್ಲ! ಮಕ ಮುಚ್ಚಿಲ್ಲ ಕಣ್ರೇ!" ವೆಂಕಟಪ್ಪನ ಕಾಲು ಮುರಿದಿತ್ತು, ಉಸಿರಿತ್ತು. ನಾನು ಕರುಣೆಯೆಂದುಕೊಂಡು ಅವಳಿಂದ ಮರೆಮಾಡಲು ಹೊರಟಿದ್ದು ಅದನ್ನೇ.

ಎರಡನೆಯ ಸ್ಟ್ರೆಚರಿನಲ್ಲಿ ಮುಖ ಮುಚ್ಚಿತ್ತು. ಹೊರಗೆ ನೇತಾಡುತ್ತಿದ್ದ ಕೈಯನ್ನು ನೋಡಿ ಚಿನ್ನತಾಯಿ ಬೆಂಚಿನ ಮೇಲೆ ಕೂತಳು. ಆ ದಿನ ಅಲ್ಲಿ ಕೂತವಳು ಅವಳೊಬ್ಬಳೇ. ಹೆಂಗಸರು ಸುತ್ತ ನಿಂತು ಸೆರಗಿನ ಮರೆ ಮಾಡಿದರು. ನಾನು ಗೇಟು ತೆರೆದೆ.

ಗೋಡೆ ಕೆಡವಿದ್ದೇಕೆಂದು ಲಿಖಿತ ವಿವರಣೆ ಕೇಳಿದರು. "ಅಳತೆ ತಪ್ಪಾಗಿತ್ತು, ಸರಿಪಡಿಸಿದೆ" ಎಂದು ಬರೆದುಕೊಟ್ಟೆ. ಹದಿನೈದು ದಿನ ಬಿಟ್ಟು ಸುಣ್ಣದ ಪುಡಿ ತೆಗೆದುಕೊಂಡು ಲೈನಿನ ಹೆಂಗಸರ ಬಳಿ ಹೋದೆ. ಹೊಸ ಷೆಡ್ಡಿನ ಗೆರೆ ನೆಲದ ಮೇಲೆ ನೀವೇ ಎಳೆಯಿರಿ ಎಂದೆ. ಮೊದಲು ನನ್ನನ್ನು ಚೆನ್ನಾಗಿ ಗೇಲಿ ಮಾಡಿದರು, ಆಮೇಲೆ ಎಳೆದರು. ಶಾಫ್ಟಿನ ಕಡೆಯ ಗೋಡೆ ಒರಗಿ ನಿಲ್ಲುವಷ್ಟೇ ಎತ್ತರ. ಹಿಂದೆ ಒಂದು ಪುಟ್ಟ ಕೋಣೆ, ಅದಕ್ಕೊಂದು ಬಾಗಿಲು. ಆ ಕೋಣೆ ಕೇಳಿದ್ದು ಚಿನ್ನತಾಯಿ. "ಎಲ್ರೂ ನೋಡ್ತಿರೋವಾಗ ಅಳೋಕಾಗಲ್ಲ ತಂಬಿ," ಎಂದಳು.

ಮೇಷ್ಟ್ರಿಗೆ ಇಷ್ಟನ್ನೂ ಹೇಳಿ ಮುಗಿಸುವಾಗ ಒಂಬತ್ತಾಗಿತ್ತು. ನನ್ನ ಸ್ನಾನದ ಹೊತ್ತು ಮೀರಿತ್ತು. ಹೆಂಡತಿ ಗಡಿಯಾರ ನೋಡಿದಳು. ಸ್ನಾನ ಆಮೇಲಾಗಲಿ ಎಂದು ಮೇಷ್ಟ್ರೂ ನಾನೂ ಆಸ್ಪತ್ರೆಗೆ ಹೊರಟೆವು.

ಅಲ್ಲಿ ಸಂಜೆಯವರೆಗೂ ಕಾಯುವವರ ಜೊತೆ ಕಾದೆವು. ಸೊಸೆಯನ್ನು ಹೆರಿಗೆಗೆ ಕರೆತಂದಿದ್ದ ಒಬ್ಬಾಕೆಯನ್ನು, ಷೆಡ್ಡು ಎಲ್ಲಿದ್ದರೆ ಅನುಕೂಲ ಎಂದು ಕೇಳಿದೆ.

"ಷೆಡ್ ಗಿಡ್ ಇರ್ಲಿ ಬುಡಣ್ಣ. ನರ್ಸಮ್ಮ ಯಾವ್ ಬಾಗ್ಲಾಗ್ ಬತ್ತಾಳೋ ಅದು ಕಾಣಂಗೆ ಈ ಬೆಂಚೊಸಿ ಎಳ್ದಾಕು."

ಮೇಷ್ಟ್ರು ಒಂದು ತುದಿ ಹಿಡಿದರು, ನಾನು ಇನ್ನೊಂದು. ಆಕೆ ನಿಂತು ತೋರಿಸಿದಳು: ಇನ್ನೊಸಿ ಈ ಕಡೆ, ಇನ್ನೊಸಿ, ಆ, ಸಾಕು. ಬೆಂಚು ಇಳಿಸಿದಾಗ ಗಂಟೆ ಐದೂ ಹತ್ತು.