ಬಿಸಿಲಿಗಿಟ್ಟ ನೀರು

ಮದುವೆಯಾಗಿ ರಾಯಚೂರಿನಿಂದ ಮಾನ್ವಿಗೆ ಬಂದ ಮೊದಲ ಬೇಸಿಗೆ. ಮನೆಮಂದಿಯೆಲ್ಲ ಗಡಿಗೆಯ ತಣ್ಣೀರಿಗೆ ಮುಗಿಬೀಳುತ್ತಿದ್ದರೆ, ಅತ್ತೆಯವರು ಮಾತ್ರ ಅದೇ ನೀರನ್ನು ತಂಬಿಗೆಗೆ ಬಗ್ಗಿಸಿ ಅಂಗಳದ ಬಿಸಿಲಿಗಿಡುತ್ತಿದ್ದರು. ಬೆಚ್ಚಗಾದ ಮೇಲೆ ತಲೆಯೆತ್ತಿ, ಹಲ್ಲಿಗೆ ತಾಗದಂತೆ ನೇರ ಗಂಟಲಿಗೆ ಸುರಿದುಕೊಳ್ಳುತ್ತಿದ್ದರು.

“ತಣ್ಣೀರು ಕುಡಿದ್ರ ಹಲ್ಲು ಜುಮ್ ಅಂತಾವವಾ. ನೆತ್ತಿತನಕ ಏರತದ,” ಎಂದರು, ನಾನು ಕೇಳಿದಾಗ. ಅವರ ಬಾಯಾರಿದ ಕಣ್ಣು ಗಡಿಗೆಯ ಮೇಲೇ ಇತ್ತು.

ಅವರು ಹಲ್ಲು ತಿಕ್ಕುತ್ತಿದ್ದುದು ಅಕ್ಕಿ ಗಿರಣಿಯಿಂದ ತಂದ ಭತ್ತದ ಹೊಟ್ಟಿನ ಬೂದಿಯಿಂದ. ಹಳೇ ಸೀರೆಯಲ್ಲಿ ಸೋಸಿ, ಉಪ್ಪು ಬೆರೆಸಿ ಇಟ್ಟಿರುತ್ತಿದ್ದರು. ಎಷ್ಟು ಸೋಸಿದರೂ ಬೆರಳ ನಡುವೆ ಅದು ಚರಚರ ಎನ್ನುತ್ತಿತ್ತು. ನೋವು ಹೆಚ್ಚಿದಷ್ಟೂ ಅವರು ಇನ್ನೂ ಜೋರಾಗಿ ತಿಕ್ಕುತ್ತಿದ್ದರು. ಹೊಲಸು ಕೂತದ್ದರಿಂದಲೇ ನೋವು ಎಂಬುದು ಅವರ ನಂಬಿಕೆ.

ಒಂದು ಬೆಳಿಗ್ಗೆ ಬಸ್ಸು ಹತ್ತಿಸಿ ರಾಯಚೂರಿನ ಹಲ್ಲಿನ ಡಾಕ್ಟರ ಬಳಿ ಕರೆದೊಯ್ದೆ.

“ಹಲ್ಲು ಗಟ್ಟಿ ಅದಾವ್ರಿ. ಆದ್ರ ಬುಡದಾಗ ಮ್ಯಾಲಿನ ಪದರ ಸವದದ. ಅದಕ್ಕ ತಣ್ಣಂದು ಒಳಗಿನ ನರಕ್ಕ ನಾಟತದ,” ಎಂದರು ಡಾಕ್ಟರು. “ಬೂದಿ ಬಿಡ್ರಿ. ಮೆತ್ತನ ಬ್ರಶ್ಶಿಗೆ ಪೇಸ್ಟ್ ಹಚ್ಚಿ ಹಗೂರಕ ಉಜ್ರಿ. ಒಂದೂ ಕೀಳೂದು ಬ್ಯಾಡ.”

“ಹಗೂರ ಉಜ್ಜಿದ್ರ ಹೊಲಸು ಹೆಂಗ ಹೋಗತದ್ರೀ?”

“ಯವ್ವಾ, ಅವು ಹಲ್ಲು. ಮಸಿ ಹಿಡದ ಬೋಗಾಣಿ ಅಲ್ಲ!”

ಅತ್ತೆಯವರು ಸೆರಗು ಬಾಯಿಗೆ ಹಿಡಿದು ನಕ್ಕರು.

ಕಾನ್ವೆಂಟಿನಲ್ಲಿ ಸಿಸ್ಟರ್ ನನಗೆ ಕಲಿಸಿದಂತೆ, ಒಸಡಿನಿಂದ ಹಲ್ಲಿನ ತುದಿಗೆ ಮೆಲ್ಲಗೆ ಬ್ರಶ್ ತರುವುದನ್ನು ತೋರಿಸಿಕೊಟ್ಟೆ. ಬಚ್ಚಲ ಬಾಗಿಲು ಹಾಕಿಕೊಂಡು, ನಾಚುತ್ತಲೇ ಉಜ್ಜಿಕೊಳ್ಳುತ್ತಿದ್ದರು. ಮಳೆ ಹಿಡಿಯುವ ಹೊತ್ತಿಗೆ ಒಂದು ದಿನ ಗಡಿಗೆಯ ನೀರನ್ನು ಬಾಯಲ್ಲಿ ತುಂಬಿಕೊಂಡು ಹಾಗೇ ನಿಂತರು. ಕೆನ್ನೆ ಉಬ್ಬಿತ್ತು, ಕಣ್ಣು ಅರಳಿತ್ತು. ನುಂಗಿದ ಮೇಲೆ, “ಜುಮ್ ಅನ್ನಲಿಲ್ಲ ಬೇ!” ಎಂದರು.

ಅಷ್ಟರಲ್ಲಿ ದೇವದುರ್ಗದಲ್ಲಿದ್ದ ನನ್ನ ನಾದಿನಿಗೆ ಟೈಫಾಯ್ಡ್ ಆಯಿತು. ಮಗಳ ಆರೈಕೆಗೆ ಹೊರಟ ಅತ್ತೆಯವರ ಚೀಲದಲ್ಲಿ ಬ್ರಶ್ಶನ್ನು ಕರವಸ್ತ್ರದಲ್ಲಿ ಸುತ್ತಿ ಇಟ್ಟೆ.

ಅಲ್ಲಿ ಬಚ್ಚಲಿಗೆ ಬಾಗಿಲಿರಲಿಲ್ಲ. ಎಲ್ಲರೂ ಅಂಗಳದಲ್ಲೇ ಬಾಯಿ ತೊಳೆಯುವುದು. ಮೊದಲ ದಿನವೇ ಬೀಗತಿ, “ಸೊಸಿ ಕಾನ್ವೆಂಟ್ ಮುಗಿಸ್ಯಾಳ, ಈಗ ಅತ್ತಿ ಹೊಂಟಾಳ ನೋಡ್ರೆವ್ವಾ,” ಎಂದರಂತೆ. ಮಗಳು ಬಾಳುವ ಮನೆ, ಎದುರು ಮಾತಾಡುವಂತಿಲ್ಲ. ಬ್ರಶ್ಶು ಚೀಲ ಸೇರಿತು, ಬೆರಳು ಮತ್ತೆ ಬೂದಿಗೆ ಬಂತು. ನೋವು ಮರುಕಳಿಸಿತು, ಮೊದಲಿನಂತೆ ಇನ್ನೂ ಜೋರಾಗಿ ತಿಕ್ಕಿದರು. ಮಗಳಿಗೆ ಜ್ವರ, ಅದರ ನಡುವೆ ತನ್ನ ಹಲ್ಲಿನ ಮಾತು ಯಾರ ಮುಂದೆ ಎತ್ತಿಯಾರು? ಕೊನೆಗೆ ಸಂತೆಯಲ್ಲಿ ಹಲ್ಲು ಕೀಳುವವನ ಮುಂದೆ ಹೋಗಿ ಕುಳಿತರಂತೆ.

ಇದೆಲ್ಲ ನಾದಿನಿ ಆಮೇಲೆ ಅಳುತ್ತ ಹೇಳಿದ್ದು. ಅತ್ತೆಯವರು ತಿರುಗಿ ಬಂದ ದಿನ ನಾನು ಕಂಡದ್ದು ಒಳಗೆ ಕುಸಿದ ತುಟಿಗಳನ್ನು ಮಾತ್ರ. ತಂಬಿಗೆಗೆ ನೀರು ತುಂಬಿ ಅಂಗಳದ ಬಿಸಿಲಿನತ್ತ ನಡೆದೆ.

“ಬಿಸಲಿಗ್ಯಾಕ? ಇಲ್ಲೇ ಕೊಡು,” ಎಂದರು.

ಗಟಗಟ ಕುಡಿದರು. ತಡೆಯಲು ಹಲ್ಲಿಲ್ಲದೆ ನೀರು ಗದ್ದದಿಂದ ಇಳಿದು ಕುಬಸ ತೊಯ್ಯಿಸಿತು.

“ತಣ್ಣಗ ಅದ,” ಎಂದು ಖಾಲಿ ತಂಬಿಗೆ ನನ್ನ ಕೈಗಿತ್ತರು.